ಕೂಡಿಸುವ ನ್ಯಾಯ, ಬಿಡಿಸುವ ನ್ಯಾಯ

ಭೂಸ್ವಾಧೀನದ ಪರಿಹಾರವನ್ನು ಕುರಿತ ವ್ಯಾಜ್ಯಗಳು ವಿಚಾರಣೆಗೆ ಬರುವ ದಿವಸ, ಚಿಕ್ಕಬಳ್ಳಾಪುರದಲ್ಲಾಗಲಿ ಚಿಂತಾಮಣಿಯಲ್ಲಾಗಲಿ, ಸಿವಿಲ್ ನ್ಯಾಯಾಲಯದ ಹಿಂದಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತು ನೋಡಿದವರ ಮನಸ್ಸಿನಲ್ಲಿ ಒಂದು ದೃಶ್ಯ ಉಳಿದೇ ಉಳಿಯುತ್ತದೆ. ಕೂಗುವುದು ಒಂದೇ ಒಂದು ಪ್ರಕರಣದ ಸಂಖ್ಯೆಯನ್ನು. ಎದ್ದು ನಿಲ್ಲುವವರು ಮೂವತ್ತೋ ನಲವತ್ತೋ ಮಂದಿ. ಹೆಗಲ ಮೇಲೆ ಟವಲು ಹಾಕಿದ ಮುದುಕರು, ತಂದೆಯ ಹೆಸರಿನ ಪಹಣಿಯನ್ನು ಮಡಿಸಿ ಹಿಡಿದುಕೊಂಡು ಬಂದ ಮಕ್ಕಳು, ಸೆರಗನ್ನು ಬಿಗಿಯಾಗಿ ಹೊದ್ದು ಬಾಗಿಲ ಬಳಿಯಲ್ಲೇ ನಿಂತ ಒಬ್ಬಿಬ್ಬರು ಹೆಂಗಸರು. ವಕೀಲರು ಎರಡು ಮಾತನಾಡುತ್ತಾರೆ, ನ್ಯಾಯಾಧೀಶರು ವಾಯಿದೆಯನ್ನು ಬರೆಯುತ್ತಾರೆ, ಎಲ್ಲರೂ ಹೊರಕ್ಕೆ ಬರುತ್ತಾರೆ. ಮೆಟ್ಟಿಲಿಳಿಯುವಾಗ ಅವರಲ್ಲೊಬ್ಬನು ಪಕ್ಕದವನನ್ನು ಮೆಲ್ಲಗೆ ಕೇಳುತ್ತಾನೆ: "ನಮ್ದೂ ಇದ್ರಾಗೇ ಐತೇನಣ್ಣಾ?"

ನನ್ನ ಇಂದಿನ ಬರಹವೆಲ್ಲ ಆ ಪ್ರಶ್ನೆಯನ್ನು ಕುರಿತದ್ದು. ನೂರಾರು ಮಂದಿಯ ಹಕ್ಕುಗಳು ಒಂದೇ ಮೂಲದಿಂದ ಹುಟ್ಟಿ ಒಂದೇ ನ್ಯಾಯಪೀಠದ ಮುಂದೆ ಬಂದು ನಿಂತಾಗ, ಪ್ರತಿಯೊಬ್ಬನ ಅಹವಾಲನ್ನೂ ಪ್ರತ್ಯೇಕವಾಗಿ ಆಲಿಸತಕ್ಕದ್ದೆಂಬ ಧರ್ಮಕ್ಕೂ, ಯಾರ ಅಹವಾಲೂ ಅವನ ಆಯುಸ್ಸನ್ನು ಮೀರಿ ಕಾಯುವಂತಾಗಬಾರದೆಂಬ ಧರ್ಮಕ್ಕೂ ನಡುವೆ ನ್ಯಾಯಾಧೀಶನು ಹೇಗೆ ದಾರಿ ಮಾಡಿಕೊಳ್ಳುತ್ತಾನೆ? ಈ ಎರಡು ಧರ್ಮಗಳನ್ನು ಪರಸ್ಪರ ವೈರಿಗಳೆಂದು ಭಾವಿಸುವುದು ವಾಡಿಕೆಯಾಗಿದೆ. ನನಗೆ ಹಾಗೆ ತೋರುವುದಿಲ್ಲ. ವಿಳಂಬವೂ ಒಂದು ಬಗೆಯ ಅನ್ಯಾಯವೇ ಆದುದರಿಂದ ಶೀಘ್ರತೆಯು ನ್ಯಾಯದ ಅಂಗವೇ ಸರಿ. ಕಷ್ಟವಿರುವುದು ಯಾವುದನ್ನು ಕೂಡಿಸಬೇಕು, ಯಾವುದನ್ನು ಬಿಡಿಸಬೇಕು ಎಂಬ ವಿವೇಚನೆಯಲ್ಲಿ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ನಮ್ಮ ಚಿಕ್ಕಬಳ್ಳಾಪುರ ಸೀಮೆಯು ಬೆಂಗಳೂರಿನ ವಿಮಾನನಿಲ್ದಾಣಕ್ಕೆ ಹತ್ತಿರದ್ದು. ಗೌರಿಬಿದನೂರಿನ ಕೈಗಾರಿಕಾ ಪ್ರದೇಶ, ಹೆದ್ದಾರಿಗಳ ವಿಸ್ತರಣ, ಈಚೆಗೆ ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಎದ್ದಿರುವ ಭೂಮಿಯ ಪ್ರಶ್ನೆ, ಇವೆಲ್ಲವುಗಳಿಂದ ಇಲ್ಲಿಯ ರೈತರಿಗೆ ಭೂಸ್ವಾಧೀನವೆಂಬ ಶಬ್ದ ಮಳೆ ಬೆಳೆಗಳಷ್ಟೇ ಬಳಕೆಯದಾಗಿದೆ. ನೆರೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರವು 2025ರ ಜುಲೈ 15ರಂದು ಘೋಷಿಸಿದುದು ರೈತರ ದೀರ್ಘ ಹೋರಾಟದ ಫಲ. ಆದರೆ ಎಲ್ಲ ಊರುಗಳಿಗೂ ಅಂಥ ದಿನ ಬರುವುದಿಲ್ಲ. ಭೂಮಿ ಹೋದ ಬಳಿಕ ಉಳಿಯುವುದು ಅದರ ಬೆಲೆಯ ವಿವಾದ. ಆ ವಿವಾದವೇ ಜಿಲ್ಲೆಯ ಸಿವಿಲ್ ನ್ಯಾಯಾಲಯಗಳು ಕಾಣುವ ದೊಡ್ಡ ವ್ಯಾಜ್ಯಗಳಲ್ಲೊಂದು.

ಅದರ ಕ್ರಮವನ್ನು ಸ್ವಲ್ಪ ವಿವರಿಸಬೇಕು. 1894ರ ಭೂಸ್ವಾಧೀನ ಕಾನೂನಿನ 18ನೆಯ ಪ್ರಕರಣದಂತೆ, ಭೂಸ್ವಾಧೀನಾಧಿಕಾರಿ ಗೊತ್ತುಪಡಿಸಿದ ಬೆಲೆಯನ್ನು ಒಪ್ಪದ ಭೂಮಾಲೀಕನು ತನ್ನ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳುಹಿಸಿಕೊಡೆಂದು ಕೇಳಬಹುದಾಗಿತ್ತು. 2014ರ ಜನವರಿ 1ರಂದು ಜಾರಿಗೆ ಬಂದ ಹೊಸ ಕಾನೂನು ಈ ಹಕ್ಕನ್ನು ಬೇರೆ ರೂಪದಲ್ಲಿ ಉಳಿಸಿಕೊಂಡಿದೆ. ಕೈಗಾರಿಕಾ ಪ್ರದೇಶಗಳಿಗಾಗಿ ಇರುವ ಕರ್ನಾಟಕದ 1966ರ ಕಾನೂನಾದರೋ ತನ್ನ 30ನೆಯ ಪ್ರಕರಣದ ಮೂಲಕ ಹಳೆಯ ಕ್ರಮವನ್ನೇ ಹಿಡಿದುಕೊಂಡಿತು. ಇಲ್ಲಿ ಗಮನಿಸತಕ್ಕ ಅಂಶ, ಅಧಿಸೂಚನೆ ಒಂದೇ ಆದರೂ ಹಕ್ಕು ಒಬ್ಬೊಬ್ಬನದೂ ಬೇರೆ ಎಂಬುದು. ಒಂದು ಊರಿನಲ್ಲಿ ಮುನ್ನೂರು ಹಿಡುವಳಿಗಳು ಹೋದವೆಂದು ಇಟ್ಟುಕೊಳ್ಳೋಣ. ಮುನ್ನೂರನ್ನೂ ಬಿಡಿಬಿಡಿಯಾಗಿ ವಿಚಾರಿಸಿದರೆ ಅದೇ ಕ್ರಯಪತ್ರಗಳನ್ನು ಮುನ್ನೂರು ಬಾರಿ ಗುರುತು ಹಾಕಬೇಕು, ಅದೇ ಅಧಿಕಾರಿಯನ್ನು ಮುನ್ನೂರು ಬಾರಿ ಪಾಟೀಸವಾಲಿಗೆ ನಿಲ್ಲಿಸಬೇಕು. ಒಬ್ಬ ನ್ಯಾಯಾಧೀಶರು ಎಕರೆಗೆ ಒಂದು ಬೆಲೆ ಕಟ್ಟಿ ವರ್ಗವಾಗಿ ಹೋದ ಮೇಲೆ ಬಂದವರು ಪಕ್ಕದ ಹೊಲಕ್ಕೇ ಇನ್ನೊಂದು ಬೆಲೆ ಕಟ್ಟುವ ಅಪಾಯವೂ ಉಂಟು. ಕಾನೂನು ವಿಳಂಬಕ್ಕೂ ಒಂದು ಬೆಲೆಯನ್ನಿಟ್ಟಿದೆ: ಹೆಚ್ಚಿಸಿದ ಪರಿಹಾರದ ಮೇಲೆ ಮೊದಲನೆಯ ವರ್ಷ ನೂರಕ್ಕೆ 9ರಂತೆ, ಮುಂದೆ ನೂರಕ್ಕೆ 15ರಂತೆ ಬಡ್ಡಿ. ಆದರೆ ಮಗಳ ಮದುವೆಯ ಹೊತ್ತಿಗೆ ಬಾರದ ಹಣವು ಮೊಮ್ಮಗಳ ಮದುವೆಯ ಹೊತ್ತಿಗೆ ಬಡ್ಡಿ ಸಮೇತ ಬಂದರೂ ಅದು ಅದೇ ಹಣವಾಗಿರುವುದಿಲ್ಲ.

ಆದಕಾರಣ ನ್ಯಾಯಾಧೀಶರು ಕೂಡಿಸುತ್ತಾರೆ. ಒಂದು ಪ್ರಕರಣದಲ್ಲಿ ಸಾಕ್ಷ್ಯವನ್ನು ಬರೆದುಕೊಂಡು ಅದನ್ನೇ ಉಳಿದೆಲ್ಲಕ್ಕೂ ಅನ್ವಯಿಸಿ ಸಮಾನ ತೀರ್ಪನ್ನು ಕೊಡುವ ಪದ್ಧತಿ ನಮ್ಮ ನ್ಯಾಯಾಲಯಗಳಲ್ಲಿ ಬಹುಕಾಲದಿಂದ ಬೇರೂರಿದೆ. ಇದರಲ್ಲಿ ದೋಷವಿಲ್ಲ. ದೋಷ ಹುಟ್ಟುವುದು ಕೂಡಿಸುವ ಕೈ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದಿದ್ದಾಗ. ಊರಿನ ಭೂಮಿಗೆ ಸಾಮಾನ್ಯವಾದ ಬೆಲೆ ಏನೆಂಬುದು ಎಲ್ಲರಿಗೂ ಸಮಾನವಾದ ಪ್ರಶ್ನೆ. ರಸ್ತೆಯ ಬದಿಯ ಹೊಲಕ್ಕೂ ಒಳಗಿನ ಹೊಲಕ್ಕೂ ಇರುವ ಅಂತರವನ್ನು ದೂರದ ಪಟ್ಟಿಗಳಾಗಿ ವಿಂಗಡಿಸಿ ಬೇರೆ ಬೇರೆ ದರವನ್ನು ಕಟ್ಟುವ ವಿಧಾನವನ್ನು ಸುಪ್ರೀಂ ಕೋರ್ಟು ಮಾನ್ಯ ಮಾಡಿರುವುದರಿಂದ ಅದೂ ಸುಮಾರಾಗಿ ಸಮಾನ ಪ್ರಶ್ನೆಯೇ. ಆದರೆ ಒಬ್ಬನ ಎರಡು ಎಕರೆಯಲ್ಲಿ ಫಲಕ್ಕೆ ಬಂದ ದ್ರಾಕ್ಷಿಯ ಚಪ್ಪರವಿದೆ; ಇನ್ನೊಬ್ಬನದು ಹಿಪ್ಪುನೇರಳೆಯ ತೋಟ, ಆ ತೋಟವನ್ನೇ ನಂಬಿದ ಹುಳು ಸಾಕುವ ಮನೆ; ಮತ್ತೊಬ್ಬನು ಸಾಲ ಮಾಡಿ ಸಾವಿರ ಅಡಿಗೂ ಮೀರಿ ಕೊರೆಯಿಸಿದ ಕೊಳವೆಬಾವಿಯಲ್ಲಿ ಕೊನೆಗೂ ನೀರನ್ನು ಕಂಡಿದ್ದಾನೆ. ಇವು ಎಲ್ಲರಿಗೂ ಸಮಾನವಲ್ಲ. ಇನ್ನು, ಬಂದ ಹಣ ಅಣ್ಣತಮ್ಮಂದಿರಿಗಷ್ಟೇ ಸೇರಬೇಕೋ ಮದುವೆಯಾಗಿ ಹೋದ ಅಕ್ಕತಂಗಿಯರಿಗೂ ಪಾಲಿದೆಯೋ ಎಂಬ ಹಂಚಿಕೆಯ ವಿವಾದ, 1894ರ ಕಾನೂನಿನ 30ನೆಯ ಪ್ರಕರಣದ ವಿಷಯ, ಆ ಮನೆಯ ಹೊಸ್ತಿಲನ್ನು ದಾಟಿ ಆಚೆ ಬರುವಂಥದ್ದೇ ಅಲ್ಲ. ಇಂಥವುಗಳನ್ನು ಗುಂಪಿನಿಂದ ಹೊರತೆಗೆದು, ಒಂದು ದಿನವಾದರೂ ಸರಿ, ಅರ್ಧ ದಿನವಾದರೂ ಸರಿ, ಆ ಒಬ್ಬನನ್ನೇ ಕಟಕಟೆಗೆ ಕರೆದು ಕೇಳುವ ನ್ಯಾಯಾಧೀಶರು ಉಳಿದವರ ಕಾಲವನ್ನು ಕಳೆಯುತ್ತಿಲ್ಲ. ಸಮಾನ ಪ್ರಶ್ನೆಗಳನ್ನು ಒಮ್ಮೆಗೇ ಮುಗಿಸಿ ಅವರು ಉಳಿಸಿಕೊಂಡ ಕಾಲ ಈ ಕೆಲಸಕ್ಕಾಗಿಯೇ ಇರುವುದು.

ಯಾರ ಪ್ರಕರಣವನ್ನು ಮುಂದಿಟ್ಟುಕೊಂಡು ಸಾಕ್ಷ್ಯವನ್ನು ಬರೆಯಬೇಕೆಂಬುದೂ ಸಾಮಾನ್ಯದ ಮಾತಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅನುಭವಸ್ಥ ರೀಲರು ಲಾಟಿನ ಮುಂದೆ ನಿಂತಾಗ ಮೇಲೆ ಹರಡಿದ ಗೂಡನ್ನು ನೋಡಿ ತೃಪ್ತನಾಗುವುದಿಲ್ಲ. ಕೈಯನ್ನು ತಳದವರೆಗೆ ಇಳಿಸಿ ಒಂದು ಹಿಡಿಯನ್ನು ಮೇಲೆತ್ತಿ, ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಮಾದರಿಯ ಪ್ರಕರಣವನ್ನು ಆರಿಸುವ ನ್ಯಾಯಾಧೀಶನಿಗೂ ಆ ಕೈಯ ಅಭ್ಯಾಸ ಬೇಕು. ಇಲ್ಲದಿದ್ದರೆ ಓದುಬರಹ ಬಲ್ಲ, ದಾಖಲೆಗಳನ್ನು ಚೊಕ್ಕಟವಾಗಿಟ್ಟುಕೊಂಡ, ಒಳ್ಳೆಯ ವಕೀಲರನ್ನು ಹಿಡಿದ ಭೂಮಾಲೀಕನೇ ಸದಾ ಮೊದಲನೆಯ ಸಾಕ್ಷಿಯಾಗುತ್ತಾನೆ. ಅವನ ಹೊಲದ ಗುಣವೇ ಊರಿನ ಗುಣವಾಗಿಬಿಡುತ್ತದೆ. ಮಾದರಿ ಸರಿಯಾಗಿದ್ದರೆ ಕೆಲವರೇ ಸಾಕು: ಇಂಗ್ಲೆಂಡಿನಲ್ಲಿ 555 ಮಂದಿ ಉಪ ಅಂಚೆಪಾಲಕರು, ದೋಷಪೂರಿತ ಗಣಕದ ಲೆಕ್ಕವನ್ನು ನಂಬಿ ತಮ್ಮನ್ನು ಕಳ್ಳರೆಂದು ದೂಷಿಸಿದ ಅಂಚೆ ಸಂಸ್ಥೆಯ ವಿರುದ್ಧ ಹೂಡಿದ ವ್ಯಾಜ್ಯದಲ್ಲಿ ನ್ಯಾಯಾಧೀಶರು ಆರು ಮಂದಿಯ ಪ್ರಕರಣಗಳನ್ನು ಮಾದರಿಯಾಗಿ ವಿಚಾರಿಸಿ 2019ರ ಮಾರ್ಚಿನಲ್ಲಿ ಅಂಚೆಪಾಲಕರ ಪರವಾದ ತೀರ್ಪನ್ನು ಕೊಟ್ಟರು. ಸಂಖ್ಯೆ ಆರಾದರೂ ಸತ್ಯ ಎಲ್ಲರದೂ ಹೊರಬಿತ್ತು. ಅದೇ ವರ್ಷದ ಕೊನೆಯಲ್ಲಿ ಆದ ರಾಜಿಯ 5 ಕೋಟಿ 77 ಲಕ್ಷ 50 ಸಾವಿರ ಪೌಂಡುಗಳಲ್ಲಿ ಬಹುಪಾಲು ವ್ಯಾಜ್ಯದ ಖರ್ಚಿಗೇ ಕರಗಿಹೋಗಿ, ನೊಂದವರ ಕೈಗೆ ಬಂದದ್ದು ಅಲ್ಪವೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಪ್ರಾಮಾಣಿಕತೆ.

ಕಾಯುವ ಕಾಲದಲ್ಲಿ ಕಕ್ಷಿಗಾರರು ಸಾಯುತ್ತಾರೆ. ಕಾನೂನಿನ ಗ್ರಂಥಗಳಲ್ಲಿ ಇದಕ್ಕೆ ಒಂದು ಆದೇಶವೇ ಮೀಸಲಾಗಿದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 22ನೆಯದು. ಮೃತನ ವಾರಸುದಾರರನ್ನು ದಾಖಲೆಗೆ ತರುವುದಕ್ಕೆ 90 ದಿವಸಗಳ ಅವಧಿ. ಮೀರಿದರೆ ಅವನ ಮಟ್ಟಿಗೆ ವ್ಯಾಜ್ಯ ಅಳಿದುಹೋಗುತ್ತದೆ. ಪಂಜಾಬಿನ ಇಬ್ಬರು ಸಹೋದರರ ಭೂಮಿಯ ಪರಿಹಾರವನ್ನು ಕುರಿತ ನಾಥೂ ರಾಮನ ಪ್ರಕರಣದಲ್ಲಿ, ಒಬ್ಬ ಸಹೋದರನು ತೀರಿಕೊಂಡ ತರುವಾಯ ಅವನ ವಾರಸುದಾರರನ್ನು ಸರ್ಕಾರವು ಸಕಾಲದಲ್ಲಿ ತರದೆ ಹೋದುದರಿಂದ, ಇಬ್ಬರಿಗೂ ಸೇರಿ ಆಗಿದ್ದ ಅವಿಭಾಜ್ಯ ಐತೀರ್ಪಿನ ಮೇಲಿನ ಸರ್ಕಾರದ ಮೇಲ್ಮನವಿ ಪೂರ್ತಿಯಾಗಿ ಅಳಿಯಿತೆಂದು ಸುಪ್ರೀಂ ಕೋರ್ಟು ಹೇಳಿತು. ಅಲ್ಲಿ ಆ ನಿಯಮ ರೈತನಿಗೆ ಅನುಕೂಲವಾಯಿತು. ಆದರೆ ಮೇಲ್ಮನವಿ ಹೂಡಿದವರು ರೈತರೇ ಆಗಿ, ಅವರಲ್ಲಿ ಸತ್ತವನ ಮಕ್ಕಳು ಬೆಂಗಳೂರಿನಲ್ಲಿ ದುಡಿಯುತ್ತಿದ್ದು, ಅಪ್ಪನ ಹೆಸರಿನಲ್ಲಿ ಒಂದು ವ್ಯಾಜ್ಯವಿದೆಯೆಂಬುದೇ ಅವರಿಗೆ ಗೊತ್ತಿಲ್ಲದಿದ್ದರೆ? ದೊಡ್ಡ ವ್ಯಾಜ್ಯಗಳಲ್ಲಿ ಯಾರು ಬದುಕಿದ್ದಾರೆ, ಯಾರು ಇಲ್ಲ ಎಂಬುದನ್ನು ಆರು ತಿಂಗಳಿಗೊಮ್ಮೆ ವಕೀಲರಿಂದ ಕೇಳಿ ಬರೆದುಕೊಳ್ಳುವ ನ್ಯಾಯಾಧೀಶರು ಮಾಡುವುದು ಗುಮಾಸ್ತೆಯ ಕೆಲಸದಂತೆ ಕಾಣಬಹುದು. ನನ್ನ ಕಣ್ಣಿಗೆ ಅದು ಉನ್ನತವಾದ ನ್ಯಾಯಕಾರ್ಯ.

ಎಲ್ಲರ ಹಕ್ಕೂ ನಿಜವಾಗಿ ಒಂದೇ ಆಗಿರುವ ವ್ಯಾಜ್ಯಗಳೂ ಇವೆ. ಊರಿನ ಗುಂಡುತೋಪು, ಸ್ಮಶಾನದ ದಾರಿ, ಕೆರೆಯ ಅಂಗಳ, ದೇವಾಲಯದ ಉತ್ಸವದ ಹಕ್ಕು. ಇವುಗಳಿಗಾಗಿ ಸಂಹಿತೆಯ 1ನೆಯ ಆದೇಶದ 8ನೆಯ ನಿಯಮವಿದೆ: ಸಮಾನ ಹಿತವುಳ್ಳ ಬಹುಮಂದಿಯ ಪರವಾಗಿ ಒಬ್ಬರೋ ಕೆಲವರೋ ನ್ಯಾಯಾಲಯದ ಅನುಮತಿಯನ್ನು ಪಡೆದು ದಾವೆಯನ್ನು ನಡೆಸಬಹುದು. ಈ ನಿಯಮದ ಹಿಂದಿನ ತತ್ತ್ವವನ್ನು ವಿಶದಪಡಿಸಿದ ಪ್ರಸಿದ್ಧ ಮೊಕದ್ದಮೆ ಲಂಡನ್ನಿನ ಕಾವೆಂಟ್ ಗಾರ್ಡನ್ ಮಾರುಕಟ್ಟೆಯದು. ಹೂ, ಹಣ್ಣು, ತರಕಾರಿಗಳನ್ನು ಬೆಳೆಯುವ ಆರು ಮಂದಿ, ತಮ್ಮಂಥ ಎಲ್ಲ ಬೆಳೆಗಾರರ ಪರವಾಗಿ, ಮಾರುಕಟ್ಟೆಯ ಒಡೆಯನಾದ ಬೆಡ್‌ಫರ್ಡಿನ ಡ್ಯೂಕನ ಮೇಲೆ ಕಟ್ಟೆಯ ಜಾಗಕ್ಕಾಗಿ ದಾವೆ ಹೂಡಿದರು. ಅವರೆಲ್ಲರ ಪರವಾಗಿ ಹಾಗೆ ದಾವೆ ಹೂಡಬಹುದೆಂದು ಅಲ್ಲಿಯ ಅತ್ಯುನ್ನತ ನ್ಯಾಯಪೀಠವು ನಿರ್ಣಯಿಸಿತು. ಆ ತೀರ್ಪು 1901ರ ವರದಿಗಳಲ್ಲಿ ಅಚ್ಚಾಗಿದೆ. ಸೇವಂತಿಗೆಯನ್ನೂ ಗುಲಾಬಿಯನ್ನೂ ಮುಂಜಾವಿಗೆ ಮುನ್ನವೇ ಮಾರುಕಟ್ಟೆಗೆ ಸಾಗಿಸುವ ಚಿಕ್ಕಬಳ್ಳಾಪುರದ ಬೆಳೆಗಾರನಿಗೆ ಆ ಆರು ಮಂದಿ ದೂರದವರೆನಿಸಲಾರರು.

ಪ್ರಾತಿನಿಧಿಕ ದಾವೆಯಲ್ಲಿ ಆದ ತೀರ್ಪು, ಅದು ಪ್ರಾಮಾಣಿಕವಾಗಿ ನಡೆದಿದ್ದ ಪಕ್ಷದಲ್ಲಿ, ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದವನನ್ನೂ ಬಂಧಿಸುತ್ತದೆ. ಒಮ್ಮೆ ತೀರಿದುದನ್ನು ಮತ್ತೆ ಎತ್ತಬಾರದೆಂಬ ಈ ಸೂತ್ರ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯಲ್ಲಿ ಪ್ರತಿವಾದಿಯು ಕೊಡಬಹುದಾದ ನಾಲ್ಕು ವಿಧದ ಉತ್ತರಗಳಲ್ಲಿ 'ಪ್ರಾಙ್‌ನ್ಯಾಯ'ವೆಂಬುದೂ ಒಂದು. ಆದರೆ ತಾನು ಆಡದ ಮಾತಿಗೆ ಒಬ್ಬನು ಬದ್ಧನಾಗಬೇಕಾದರೆ, ಆಡುವ ಅವಕಾಶವಾದರೂ ಅವನಿಗೆ ತಿಳಿದಿರಬೇಕಷ್ಟೆ. ಆದಕಾರಣವೇ ನಿಯಮವು ಎಲ್ಲ ಹಿತಾಸಕ್ತರಿಗೂ ನೋಟೀಸನ್ನು ಕೊಡತಕ್ಕದ್ದೆಂದೂ, ಜನಸಂಖ್ಯೆಯ ಕಾರಣದಿಂದ ಖುದ್ದಾಗಿ ಜಾರಿ ಮಾಡುವುದು ಅಸಾಧ್ಯವಾದಾಗ ಸಾರ್ವಜನಿಕ ಪ್ರಕಟಣೆಯನ್ನು ಹೊರಡಿಸತಕ್ಕದ್ದೆಂದೂ ವಿಧಿಸಿದೆ. 1976ರ ತಿದ್ದುಪಡಿಯ ಬಳಿಕ, ಪ್ರತಿನಿಧಿಯು ದಾವೆಯನ್ನು ಕೈಬಿಡುವುದಕ್ಕಾಗಲಿ ರಾಜಿ ಮಾಡಿಕೊಳ್ಳುವುದಕ್ಕಾಗಲಿ ಮುಂಚೆ ಮತ್ತೊಮ್ಮೆ ನೋಟೀಸು ಬೇಕು, ನ್ಯಾಯಾಲಯದ ಅನುಮತಿಯೂ ಬೇಕು. ಪ್ರಕಟಣೆ ಎಲ್ಲಿ ಆಗುತ್ತದೆಂಬುದರ ಮೇಲೆ ಎಲ್ಲವೂ ನಿಂತಿದೆ. ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಭೂತಗನ್ನಡಿಗೂ ಎಟುಕದ ಅಕ್ಷರಗಳಲ್ಲಿ, ಊರಿನವರಿಗೆ ಅರ್ಥವಾಗದ ಶೈಲಿಯಲ್ಲಿ ಅಚ್ಚಾದ ಒಂದು ತುಣುಕು ನಿಯಮದ ಅಕ್ಷರವನ್ನು ಪಾಲಿಸಬಹುದು. ಹಾಲಿನ ಡೇರಿಯ ಗೋಡೆಯ ಮೇಲೆ, ನ್ಯಾಯಬೆಲೆ ಅಂಗಡಿಯ ಬಾಗಿಲಲ್ಲಿ, ಗ್ರಾಮ ಪಂಚಾಯಿತಿಯ ಫಲಕದಲ್ಲಿ ಸರಳಗನ್ನಡದಲ್ಲಿ ಅಂಟಿಸಿದ ಕಾಗದವೂ, ಸಂಜೆ ತಮಟೆ ಬಾರಿಸಿ ಸಾರಿದ ಮಾತೂ ಅದರ ಜೀವವನ್ನು ಪಾಲಿಸುತ್ತವೆ. ಖರ್ಚೂ ಹೆಚ್ಚಲ್ಲ.

ರಾಜಿಯ ವಿಷಯದಲ್ಲಿ ನಮ್ಮ ನ್ಯಾಯಾಲಯಗಳ ಮೇಲಿರುವ ಒತ್ತಡ ಬಲವಾದದ್ದು. 2002ರಲ್ಲಿ ಜಾರಿಗೆ ಬಂದ ಸಂಹಿತೆಯ 89ನೆಯ ಪ್ರಕರಣ, ಕರ್ನಾಟಕವು 2005ರಲ್ಲಿ ರಚಿಸಿಕೊಂಡ ಮಧ್ಯಸ್ಥಿಕೆಯ ನಿಯಮಗಳು, ಪ್ರಕರಣಗಳನ್ನು ವರ್ಗಗಳಾಗಿ ಹಂಚಿ ಕಾಲಮಿತಿಯನ್ನು ಸೂಚಿಸುವ ಅದೇ ವರ್ಷದ ನಿಯಮಗಳು, ಲೋಕ ಅದಾಲತ್ತುಗಳು, ಇವೆಲ್ಲ ಒಳ್ಳೆಯವೇ. ಅಣ್ಣತಮ್ಮಂದಿರ ಪಾಲುಪಾರಿಕತ್ತಿನ ಜಗಳ ಅದಾಲತ್ತಿನಲ್ಲಿ ಮುಗಿದು ಅವರು ಒಂದೇ ಬಸ್ಸಿನಲ್ಲಿ ಊರಿಗೆ ಹೋಗುವುದಕ್ಕಿಂತ ಹೆಚ್ಚಿನ ತೀರ್ಪು ಯಾವುದಿದೆ? ಆದರೆ ಕರ್ನಾಟಕದ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟನ್ನು ಸೇರಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಎರಡು ತೀರ್ಪುಗಳಲ್ಲಿ ಇದಕ್ಕೆ ಎಲ್ಲೆಗಳನ್ನು ಗುರುತಿಸಿಕೊಟ್ಟಿದ್ದಾರೆ. 2008ರಲ್ಲಿ, ಲೋಕ ಅದಾಲತ್ತಿಗೆ ಒಪ್ಪಂದವನ್ನು ದಾಖಲಿಸುವ ಅಧಿಕಾರವಿದೆಯೇ ಹೊರತು, ಒಪ್ಪದವರ ಮೇಲೆ ನಿರ್ಣಯವನ್ನು ಹೇರುವ ಅಧಿಕಾರವಿಲ್ಲವೆಂದರು. 2010ರಲ್ಲಿ, ಆಫ್‌ಕಾನ್ಸ್ ಪ್ರಕರಣದಲ್ಲಿ, ನ್ಯಾಯಾಲಯದ ಮುಂದಿಲ್ಲದ ಬಹುಮಂದಿಯ ಹಿತವಡಗಿರುವ ಪ್ರಾತಿನಿಧಿಕ ದಾವೆಗಳು ಇಂಥ ಪರ್ಯಾಯ ಮಾರ್ಗಗಳಿಗೆ ಸಾಮಾನ್ಯವಾಗಿ ತಕ್ಕವಲ್ಲವೆಂದರು. ರಾಜಿಗೆ ಕುಳಿತವರು ಇಬ್ಬರು, ರಾಜಿಯಿಂದ ಕಟ್ಟುಬೀಳುವವರು ಇನ್ನೂರು ಮಂದಿ ಎಂದಾದರೆ ಆ ಇನ್ನೂರು ಮಂದಿಯ ಪರವಾಗಿ ಕಣ್ಣು ತೆರೆದಿರಬೇಕಾದವರು ನ್ಯಾಯಾಧೀಶರೇ.

ಇದರ ಅತ್ಯಂತ ನೋವಿನ ನಿದರ್ಶನ ಭೋಪಾಲ. 1984ರ ಡಿಸೆಂಬರಿನ ವಿಷಾನಿಲಕ್ಕೆ ತುತ್ತಾದವರೆಲ್ಲರ ಪರವಾಗಿ ವ್ಯಾಜ್ಯವನ್ನು ನಡೆಸುವ ಅಧಿಕಾರವನ್ನು 1985ರ ಕಾನೂನು ಕೇಂದ್ರ ಸರ್ಕಾರಕ್ಕೆ ವಹಿಸಿತು. 1989ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ 47 ಕೋಟಿ ಡಾಲರುಗಳಿಗೆ ರಾಜಿಯಾಯಿತು. ನೊಂದವರನ್ನು ಯಾರೂ ಮುಂಚಿತವಾಗಿ ಕೇಳಲಿಲ್ಲ. ಆ ರಾಜಿಯ ಪುನರ್ವಿಮರ್ಶೆಯಲ್ಲಿ, 1991ರ ಅಕ್ಟೋಬರಿನಲ್ಲಿ, ಬಹುಮತದ ತೀರ್ಪನ್ನು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು. ರಾಜಿಯು ನ್ಯಾಯಸಮ್ಮತವೇ ಎಂದು ನೊಂದವರ ಸಮಕ್ಷಮದಲ್ಲಿ ವಿಚಾರಿಸಲಿಲ್ಲವೆಂಬ ಆಕ್ಷೇಪವನ್ನು ಅವರು ದೀರ್ಘವಾಗಿ ಪರಿಶೀಲಿಸಿ, ಆ ಕಾರಣಕ್ಕಾಗಿ ರಾಜಿಯನ್ನು ಮುರಿಯಲಾಗದೆಂದರು. ಆದರೆ ಕ್ರಿಮಿನಲ್ ಮೊಕದ್ದಮೆಗಳನ್ನು ರದ್ದುಪಡಿಸಿದ್ದ ಭಾಗವನ್ನು ತೆಗೆದುಹಾಕಿದರು, ಹಣ ಸಾಲದೆ ಹೋದರೆ ಕೊರತೆಯನ್ನು ಕೇಂದ್ರ ಸರ್ಕಾರವೇ ತುಂಬತಕ್ಕದ್ದೆಂದರು. ಈ ಕೊನೆಯ ಮಾತಿಗೆ ನ್ಯಾಯಮೂರ್ತಿ ಅಹಮದಿಯವರು ಒಪ್ಪಲಿಲ್ಲ. ಮೂಳೆ ಸವೆದು ಉಸಿರು ಕಟ್ಟಿ ಕಾಯುತ್ತಿದ್ದವರಿಗೆ ವರ್ಷಗಟ್ಟಲೆ ಇನ್ನೊಂದು ವಿಚಾರಣೆಯನ್ನು ಕೊಡುವುದೋ, ಸಾಲದ ಹಣವನ್ನು ಇಂದೇ ಕೊಡುವುದೋ ಎಂಬ ಆಯ್ಕೆಯ ಭಾರವನ್ನು ನಾನು ಹಗುರವೆಂದು ಎಣಿಸುವುದಿಲ್ಲ. ಆದರೂ ಕೇಳಬೇಕಾದುದನ್ನು ಮೊದಲೇ ಕೇಳದಿದ್ದುದರ ಸಾಲ ತೀರಲಿಲ್ಲ. ಹೆಚ್ಚಿನ ಪರಿಹಾರದ ಕೋರಿಕೆ 2023ರ ಮಾರ್ಚಿನವರೆಗೂ ಅದೇ ನ್ಯಾಯಾಲಯದ ಬಾಗಿಲನ್ನು ತಟ್ಟುತ್ತಲೇ ಇತ್ತು, ಆಗ ವಜಾ ಆಯಿತು. ಇದಕ್ಕೆ ವ್ಯತಿರಿಕ್ತವಾಗಿ, ನ್ಯೂಯಾರ್ಕಿನಲ್ಲಿ 2010ರ ಮಾರ್ಚಿನಲ್ಲಿ, ಅವಳಿ ಗೋಪುರಗಳ ಅವಶೇಷಗಳಲ್ಲಿ ದುಡಿದು ಕಾಯಿಲೆ ಬಿದ್ದ ಸುಮಾರು ಹತ್ತು ಸಾವಿರ ಮಂದಿಯ ರಾಜಿಯನ್ನು ನ್ಯಾಯಾಧೀಶ ಆಲ್ವಿನ್ ಹೆಲರ್‌ಸ್ಟೈನ್ ಅವರು, ಇದು ಸಾಲದೆಂದು ಹಿಂದಿರುಗಿಸಿದರು. ಕೆಲವೇ ತಿಂಗಳುಗಳಲ್ಲಿ ಹೆಚ್ಚಿನ ಮೊತ್ತದ ರಾಜಿ ಅವರ ಮುಂದೆ ಬಂತು. ಆ ಕೆಲವು ತಿಂಗಳ ವಿಳಂಬವನ್ನು ಯಾರು ವಿಳಂಬವೆಂದಾರು?

ನೀರಿನ ಪ್ರಶ್ನೆಯಲ್ಲಿ ನಮ್ಮ ಸೀಮೆಯವರು ಸಿವಿಲ್ ದಾವೆಗೆ ಹೋಗದೆ ನೇರವಾಗಿ ಹೈಕೋರ್ಟಿಗೆ ಹೋದರು. ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೂ ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳಿಗೂ ತುಂಬಿಸುವ ಯೋಜನೆಯಲ್ಲಿ ನೊರೆ ಕಾಣಿಸಿಕೊಂಡಾಗ, 2018ರ ಜುಲೈಯಲ್ಲಿ ಹೈಕೋರ್ಟು ನೀರನ್ನು ತಡೆಯಿತು. ತಡೆ ತೆರವಾದ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮತ್ತೆ ತಡೆಯಿತು. ತರುವಾಯ ನೀರು ಹರಿಯಿತು. ಒಣಗಿದ ಕೆರೆಯ ಏರಿಯ ಮೇಲೆ ನಿಂತು ಕಾಯುತ್ತಿದ್ದವರೂ, ಅಂತರ್ಜಲ ಕೆಡುತ್ತದೆಂದು ಹೆದರಿದವರೂ ಒಂದೇ ಊರಿನವರು. ಅದನ್ನು ಸವಿಸ್ತರವಾಗಿ ಬರೆಯಲು ಬೇರೊಂದು ಅಂಕಣವೇ ಬೇಕು.

ಮೊದಲಿನ ಪ್ರಶ್ನೆಗೆ ಹಿಂದಿರುಗುತ್ತೇನೆ. ಮುನ್ನೂರು ಹಿಡುವಳಿದಾರರಲ್ಲಿ ಎಲ್ಲರೂ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಬಡವರು, ಅಕ್ಷರ ಬಾರದವರು, ವಕೀಲರಿಗೆ ಕೊಡುವುದಕ್ಕೆ ಇಲ್ಲದವರು ಅಧಿಕಾರಿ ಕೊಟ್ಟದ್ದನ್ನು ತೆಗೆದುಕೊಂಡು ಸುಮ್ಮನಾಗುತ್ತಾರೆ. ಅನುಕೂಲಸ್ಥರಷ್ಟೇ ಹೆಚ್ಚಿನ ಬೆಲೆ ಪಡೆದು ಅಸಮಾನತೆ ಬೆಳೆಯುತ್ತಿರುವುದನ್ನು ಕಂಡೇ ಸಂಸತ್ತು 1984ರಲ್ಲಿ 28-ಎ ಪ್ರಕರಣವನ್ನು ಸೇರಿಸಿತು: ನೆರೆಯವನಿಗೆ ನ್ಯಾಯಾಲಯವು ಬೆಲೆ ಹೆಚ್ಚಿಸಿದರೆ, ಅದೇ ಅಧಿಸೂಚನೆಯಲ್ಲಿ ಭೂಮಿ ಕಳೆದುಕೊಂಡು ನ್ಯಾಯಾಲಯಕ್ಕೆ ಹೋಗದವನೂ ಆ ಬೆಲೆಯನ್ನು ಕೇಳಬಹುದು. ಹೊಸ ಕಾನೂನಿನ 73ನೆಯ ಪ್ರಕರಣದಲ್ಲಿಯೂ ಇದು ಉಳಿದಿದೆ. ಇಷ್ಟು ಉದಾರವಾದ ವಿಧಿ ಬೇರೆ ಕಾನೂನುಗಳಲ್ಲಿ ವಿರಳ. ಆದರೆ ಕೇಳುವುದಕ್ಕಿರುವ ಅವಧಿ ನ್ಯಾಯಾಲಯದ ಐತೀರ್ಪಿನ ದಿನದಿಂದ ಮೂರು ತಿಂಗಳು. ಐತೀರ್ಪಿನ ಸಂಗತಿ ತನಗೆ ತಿಳಿಯಲೇ ಇಲ್ಲವೆಂಬ ಮಾತು ಲೆಕ್ಕಕ್ಕೆ ಬಾರದೆಂದು ಸುಪ್ರೀಂ ಕೋರ್ಟು 2003ರಲ್ಲಿ, ಮರ್ರಿ ವೆಂಕಯ್ಯನ ಪ್ರಕರಣದಲ್ಲಿ, ನಿರ್ಣಯಿಸಿದೆ. ಸಮಾನ ತೀರ್ಪನ್ನು ಓದಿ ಹೇಳಿದ ದಿನ ಸಭಾಂಗಣದಲ್ಲಿ ಇರುವವರು ವ್ಯಾಜ್ಯ ಹೂಡಿದವರು ಮಾತ್ರ. ಯಾರಿಗೆ ಆ ಸುದ್ದಿ ಎಲ್ಲರಿಗಿಂತ ಹೆಚ್ಚಾಗಿ ಬೇಕೋ ಅವನು ಆ ಹೊತ್ತಿನಲ್ಲಿ ಇನ್ನೊಬ್ಬನ ತೋಟದಲ್ಲಿ ಕೂಲಿಗೆ ಸೊಪ್ಪು ಕೊಯ್ಯುತ್ತಿರುತ್ತಾನೆ. ತೀರ್ಪಿನ ಕೊನೆಯಲ್ಲಿ ನ್ಯಾಯಾಧೀಶರು ಎರಡು ಸಾಲುಗಳನ್ನು ಹೆಚ್ಚಾಗಿ ಬರೆದು, ಅದರ ಸಾರಾಂಶವನ್ನು ಆ ಊರಿನ ಪಂಚಾಯಿತಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಗೂ ವಾರದೊಳಗೆ ಕಳುಹಿಸಬೇಕೆಂದರೆ, ಅವನ ಮೂರು ತಿಂಗಳುಗಳಲ್ಲಿ ಎಂಬತ್ತು ದಿವಸಗಳಾದರೂ ಅವನ ಕೈಯಲ್ಲಿ ಉಳಿಯುತ್ತವೆ.